ಒಂದೆರಡು ಕಡೆ

ಬೇಸಗೆಯ ಸಂಜೆಗಳಲ್ಲಿ ರೇಡಿಯೋದವರು ವಾರ್ತೆಯ ಕೊನೆಗೆ ಹೇಳುತ್ತಿದ್ದುದು ಹೆಚ್ಚುಕಡಿಮೆ ಒಂದೇ ಮಾತು: ದಕ್ಷಿಣ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆಯಾಗುವ ಸಂಭವವಿದೆ. ಆ ಒಂದೆರಡು ಕಡೆ ಯಾವುವು ಎಂಬ ಪ್ರಶ್ನೆ ಮಲ್ಲಿಕಾಂಬಳ ತಲೆಗೆ ಹೊಕ್ಕು ಎರಡು ಬೇಸಗೆ ಕಳೆದಿದ್ದವು. ಕಡೂರೂ ಒಳನಾಡೇ, ತರೀಕೆರೆಯೂ ಒಳನಾಡೇ. ತಾನು ಸೊಸೆಯಾಗಿ ಬಂದ ಬುಕ್ಕಾಂಬುಧಿ ಆ ಮಾತಿನೊಳಗೆ ಇದೆಯೋ ಇಲ್ಲವೋ? ಗಂಡನನ್ನು ಕೇಳಿದರೆ, ಅದನ್ನು ತಿಳಿದುಕೊಂಡು ನಿನಗೇನಾಗಬೇಕು ಎಂದು ನಕ್ಕಿದ್ದ.

ಮನೆಯ ಬ್ಯಾಟರಿ ರೇಡಿಯೋ ಮಾವ ಜಯದೇವಪ್ಪನವರದು. ಅದಕ್ಕೆ ಕಸೂತಿ ಹಾಕಿದ ಗವಸು, ಪ್ರತಿ ವರ್ಷ ಅಂಚೆ ಕಚೇರಿಯಲ್ಲಿ ಲೈಸೆನ್ಸು. ಅವರದೊಂದು ಕಟ್ಟುನಿಟ್ಟು ಇತ್ತು. ಹಾಡಿನ ನಡುವೆ ಕರಕರ ಸದ್ದು ಬಂದರೆ ಕೂಡಲೇ ಆರಿಸಬೇಕು. ರೇಡಿಯೋ ಸಿಡಿಲನ್ನು ಎಳೆಯುತ್ತದೆ ಎಂದು ಅವರು ನಂಬಿದ್ದರು. ಊರಿನ ಇತರ ನಾಲ್ಕೈದು ರೇಡಿಯೋಗಳ ಯಜಮಾನರೂ ಹಾಗೆಯೇ ಮಾಡುತ್ತಿದ್ದರು. ಕರಕರ ಶುರುವಾದರೆ ಬೀದಿಯೆಲ್ಲ ಮೌನ.

ಹಿಂದಿನ ವರ್ಷ ಮಾವ ಊರಲ್ಲಿಲ್ಲದ ಒಂದು ಮಧ್ಯಾಹ್ನ ಮಲ್ಲಿಕಾಂಬ ಅದನ್ನು ಆರಿಸಲಿಲ್ಲ. ಸುಮ್ಮನೆ ಕೇಳುತ್ತಾ ಕೂತಳು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಕರಕರ ಹೆಚ್ಚುತ್ತಾ ಹೋಯಿತು. ಎರಡು ಗಂಟೆಯ ನಂತರ ಗುಡುಗು ಕೇಳಿಸಿತು. ಸಿಡಿಲು ಇನ್ನೂ ದೂರದಲ್ಲಿದ್ದಾಗಲೇ ಈ ಪೆಟ್ಟಿಗೆಗೆ ಗೊತ್ತಾಗುತ್ತದೆ ಎಂದು ಅವಳಿಗೆ ಹೊಳೆದದ್ದು ಆಗ. ಯಾರಿಗೂ ಹೇಳಲಿಲ್ಲ. ಅಷ್ಟು ಜನರಿರುವ ಮನೆಯಲ್ಲಿ ತನ್ನದೇ ಆದ ಒಂದು ವಿಷಯವಿರುವುದು ಹಿತವೆನಿಸಿತು.

ಅಂದಿನಿಂದ ಸಿಕ್ಕಾಗಲೆಲ್ಲ ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ, ನೂರೆಂಟು ಸಲ ನಮಃ ಶಿವಾಯ ಹೇಳಿಕೊಳ್ಳುವಷ್ಟರಲ್ಲಿ ಎಷ್ಟು ಸಲ ಕರಕರ ಬಂತೆಂದು ಎಣಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಚುಕ್ಕೆ ಇಡುತ್ತಿದ್ದಳು. ಹಾಲಿನ ಲೆಕ್ಕವೆಂದು ಎಲ್ಲರೂ ತಿಳಿದಿದ್ದರು. ನಲವತ್ತು ದಾಟಿದ ದಿನಗಳಲ್ಲಿ ಸಂಜೆಯೊಳಗೆ ಮಳೆ ಬಂದದ್ದೇ ಹೆಚ್ಚು. ಇನ್ನೊಂದು ಸಂಗತಿಯನ್ನೂ ಕಂಡುಕೊಂಡಿದ್ದಳು. ರೇಡಿಯೋದ ಒಂದು ತುದಿಯನ್ನು ಸಿಡಿಲಿರುವ ದಿಕ್ಕಿಗೆ ಹಿಡಿದರೆ ಸದ್ದು ತಗ್ಗುತ್ತಿತ್ತು.

ಆ ವರ್ಷ, ಎಪ್ಪತ್ತೊಂಬತ್ತರ ಭರಣಿ ಮಳೆಯ ದಿನಗಳಲ್ಲಿ, ನಾದಿನಿಯ ಮದುವೆಗೆಂದು ಸಂಡಿಗೆ ಹಾಕಿದರು. ಇಪ್ಪತ್ತು ಸೇರು ಅಕ್ಕಿ. ನಸುಕಿನಲ್ಲಿ ಅತ್ತೆ ಕಾಶಮ್ಮ ಅಂಗಳಕ್ಕೆ ಬಂದು ಆಕಾಶ ನೋಡಿ ಹೂಂ ಅಂದರು. ಅದಾದ ಮೇಲೆ ಒಲೆ ಹೊತ್ತಿತು. ಹಿಟ್ಟು ಬೇಯಿಸಿ, ಅಕ್ಕಪಕ್ಕದ ಹೆಂಗಸರು ಸೇರಿ, ಹತ್ತು ಚಾಪೆಗಳ ಮೇಲೆ ಹಳೆಯ ಸೀರೆ ಹಾಸಿ ಒತ್ತಿ ಮುಗಿಸುವಾಗ ಹನ್ನೊಂದು ಗಂಟೆ. ಮಾವ ಲಗ್ನಪತ್ರಿಕೆ ಕೊಡಲು ಕಡೂರಿಗೆ ಹೋಗಿದ್ದರು. ಗಂಡ ತೋಟದಲ್ಲಿದ್ದ.

ಎರಡು ಗಂಟೆಗೆ ಮಲ್ಲಿಕಾಂಬ ಒಳಗೆ ಹೋಗಿ ಎಣಿಸಿದಳು. ಅರವತ್ತೆರಡು. ಮತ್ತೊಮ್ಮೆ ಎಣಿಸಿದಳು. ಎಪ್ಪತ್ತಕ್ಕೆ ಬಂತು. ರೇಡಿಯೋವನ್ನು ಮೆಲ್ಲಗೆ ತಿರುಗಿಸಿದಳು. ತುದಿ ಎದುರಿನ ಗುಡ್ಡಗಳ ಕಡೆಗೆ ಬಂದಾಗ ಸದ್ದು ಅಡಗಿತು.

ಈಗ ಬಾಯಿ ಬಿಡದಿದ್ದರೆ ಮಳೆ ಎಲ್ಲವನ್ನೂ ಕರಗಿಸುತ್ತದೆ. ಬಿಟ್ಟ ಮೇಲೆ ಮಳೆ ಬಾರದಿದ್ದರೂ ಕೆಟ್ಟದ್ದೇ. ಅರೆ ಒಣಗಿದ ಸಂಡಿಗೆ ನೆರಳಿಗೆ ಹೋದರೆ ಬೆಳಗಾಗುವುದರೊಳಗೆ ಹುಳಿ ಬರುತ್ತದೆ. ಮದುವೆಯಾಗಿ ಬಂದ ಎಂಟು ವರ್ಷಗಳಲ್ಲಿ ಉಪ್ಪು ಎಷ್ಟು ಹಾಕಬೇಕೆಂಬುದನ್ನು ಬಿಟ್ಟು ಬೇರೇನನ್ನೂ ಆ ಮನೆಯಲ್ಲಿ ಅವಳು ನಿರ್ಧರಿಸಿರಲಿಲ್ಲ. ರೇಡಿಯೋವನ್ನು ಎತ್ತಿಕೊಂಡೇ ಹೊರಗೆ ಬಂದಳು.

ಪಕ್ಕದ ಮನೆಯ ಹಾಲಮ್ಮ ಕಾಗೆ ಓಡಿಸುತ್ತಾ ಕೂತಿದ್ದವಳು ಕರಕರ ಕೇಳಿ, "ಏನೇ ಇದು, ಸಂಡಿಗೆಗೆ ಹಾಡು ಕೇಳಿಸ್ತೀಯಾ? ಅದೂ ಇಂಥಾ ಹಾಡಾ?" ಅಂದಳು.

ಮಲ್ಲಿಕಾಂಬ ಅತ್ತೆಗೆ ಎಲ್ಲವನ್ನೂ ಹೇಳಿದಳು, ಚುಕ್ಕೆಗಳ ವಿಚಾರವನ್ನೂ. ಕಾಶಮ್ಮ ತಲೆ ಎತ್ತಿ ಗುಡ್ಡಗಳ ಕಡೆ ನೋಡಿದರು.

"ತೊಳ್ದಿಟ್ಟಂಗದೆ ಕಣೇ ಆಕಾಶ. ಮಳೆ ಬರ್ಲಿಲ್ಲ ಅಂದ್ರೆ, ಹಾಳು ಮಾಡಿದ್ದು ಯಾರು ಅಂತಾರೆ?"

"ನಾನೇ ಅಂತಾರೆ, ಅತ್ತೆ."

ಕಾಶಮ್ಮ ಸೊಸೆಯ ಮುಖವನ್ನೊಮ್ಮೆ, ಪೆಟ್ಟಿಗೆಯನ್ನೊಮ್ಮೆ ನೋಡಿದರು. ಎಂಟು ವರ್ಷಗಳಲ್ಲಿ ಈ ಹುಡುಗಿ ಇಷ್ಟು ಮಾತಾಡಿದ್ದನ್ನು ಅವರು ಕೇಳಿರಲಿಲ್ಲ. ಕೊನೆಗೆ ಐದು ಚಾಪೆ ಒಳಗೆ ಹೋಗಲಿ, ಐದು ಇಲ್ಲೇ ಇರಲಿ ಎಂದರು. ನಾಲ್ವರು ನಾಲ್ಕು ಮೂಲೆ ಹಿಡಿದು ಒಂದೊಂದನ್ನೇ ಅಲುಗದಂತೆ ಪಡಸಾಲೆಗೆ ಸಾಗಿಸಿದರು. ಆಮೇಲೆ ಎಲ್ಲರೂ ಜಗಲಿಯ ಮೇಲೆ ಕೂತು ಗುಡ್ಡಗಳನ್ನು ನೋಡತೊಡಗಿದರು.

ಗುಡ್ಡಗಳು ನೀಲಿಯಾಗಿ, ತಣ್ಣಗೆ ಇದ್ದವು. ಮೂರು ಗಂಟೆಯಾಯಿತು. ಹಾಲಮ್ಮ ಆಕಳಿಸಿದಳು. ಮಲ್ಲಿಕಾಂಬಳ ಕಿವಿ ಬಿಸಿಯಾಗಿತ್ತು.

ಗುಡುಗು ಬಂದದ್ದು ಬೆನ್ನ ಹಿಂದಿನಿಂದ. ಎಲ್ಲರೂ ಹಿತ್ತಿಲಿಗೆ ಓಡಿದರು. ಮನೆಯ ಹಿಂದಿನ ಕೆರೆಯ ಆಚೆ ದಡದ ಮೇಲೆ ಮೋಡ ಕಪ್ಪಗೆ ಎದ್ದು ನಿಂತಿತ್ತು. ಅದರ ಕೆಳಗೆ ಬಿಳಿಯ ಪರದೆಯಂತೆ ಮಳೆ. ಗಾಳಿ ನುಗ್ಗಿ ಬಂದು ಅಂಗಳದ ಒಂದು ಚಾಪೆಯನ್ನು ಮಗುಚಿತು. ಐದಾರು ದಪ್ಪ ಹನಿ ಬಿದ್ದವು, ಮಣ್ಣಿನ ವಾಸನೆ ಎದ್ದಿತು. ಅಷ್ಟೆ. ಅರ್ಧ ಗಂಟೆಯಲ್ಲಿ ಅಂಗಳಕ್ಕೆ ಮತ್ತೆ ಬಿಸಿಲು ಬಂತು. ಒಳಗಿನ ಚಾಪೆಗಳನ್ನು ಮತ್ತೆ ಹೊರಗೆ ತರುವಷ್ಟು ಕಾವು ಅದರಲ್ಲಿ ಉಳಿದಿರಲಿಲ್ಲ.

ಸಂಜೆ ಆಚೆ ದಡದ ಹೊನ್ನಯ್ಯ ಎಮ್ಮೆ ಹುಡುಕಿಕೊಂಡು ಬಂದವನು, ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಬಿದ್ದು ತನ್ನ ಮನೆಯ ಹೆಂಚು ಒಡೆದವೆಂದು ಹೇಳಿದ. ಇಲ್ಲಿಂದ ಅಲ್ಲಿಗೆ ಒಂದು ಮೈಲಿಯೂ ಇಲ್ಲ.

ಮಲ್ಲಿಕಾಂಬ ಪಾತ್ರೆ ಬೆಳಗುತ್ತಾ ಅದನ್ನೇ ಯೋಚಿಸಿದಳು. ಪೆಟ್ಟಿಗೆಗೆ ಎರಡು ತುದಿ. ಒಂದು ಗುಡ್ಡಕ್ಕೆ ನೇರವಾಗಿದ್ದರೆ ಇನ್ನೊಂದು ಕೆರೆಗೆ ನೇರವಾಗಿತ್ತು. ಮಳೆ ಗುಡ್ಡದಿಂದಲೇ ಬರುತ್ತದೆಂದು ಕೇಳಿ ಕೇಳಿ, ತಾನು ಒಂದೇ ತುದಿಯನ್ನು ನೋಡಿದ್ದಳು. ಹಾಗೆ ನೋಡಿದರೆ ಆ ರೇಡಿಯೋದವರದು ಎಷ್ಟು ಎಚ್ಚರದ ಮಾತು! ಒಂದು ಕೆರೆಯ ಅಗಲದಲ್ಲೇ ಇಷ್ಟು ತಪ್ಪಬಹುದಾದರೆ, ಇಡೀ ದೇಶದ ಮೋಡಗಳನ್ನು ನೋಡುತ್ತಾ ಕೂತವರು ಇನ್ನೇನು ಹೇಳಿಯಾರು?

ಬೆಳಗ್ಗೆ ಪಡಸಾಲೆಯ ಸಂಡಿಗೆಗೆ ಹುಳಿ ವಾಸನೆ ಬಂದಿತ್ತು. ಕಾಶಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡು, ಇದು ಮನೆಗಿರಲಿ, ಮದುವೆಗೆ ಬೇಡ ಎಂದಷ್ಟೇ ಹೇಳಿ ಮತ್ತೆ ಅಕ್ಕಿ ನೆನೆಸಿದರು.

ಮರುದಿನ ಐದು ಚಾಪೆ ಹೊಸ ಸಂಡಿಗೆ ಅಂಗಳಕ್ಕೆ ಬಂತು. ಮಧ್ಯಾಹ್ನ ಜಯದೇವಪ್ಪ ಹಾಡು ಕೇಳುತ್ತಿದ್ದಾಗ ಕರಕರ ಶುರುವಾಯಿತು. ಅವರು ಆರಿಸಲು ಕೈ ಚಾಚಿದರು.

"ಇರ್ಲಿ ಬಿಡ್ರಿ, ಒಸಿ ಕೇಳನ," ಎಂದರು ಕಾಶಮ್ಮ. ಮಾವನ ಕೈ ಅಲ್ಲೇ ನಿಂತಿತು. "ಮಲ್ಲಿಕಾಂಬ, ಬಾರೇ ಇಲ್ಲಿ. ಇವತ್ತು ಯಾವ ಕಡೆ?"

ಅವಳು ಬಂದು, ಮಾವನ ಮುಂದೆಯೇ ಪೆಟ್ಟಿಗೆಯನ್ನು ನಿಧಾನವಾಗಿ ತಿರುಗಿಸಿದಳು. ಸದ್ದು ತಗ್ಗಿತು.

"ಇದು ಗೀಟು ತೋರಿಸ್ತದೆ ಅತ್ತೆ, ಯಾವ ತುದಿ ಅಂತ ತೋರಿಸಲ್ಲ. ಎರಡು ಕಡೇನೂ ನೋಡ್ಬೇಕು."

ಕಾಶಮ್ಮ ಸೆರಗು ಸಿಕ್ಕಿಸಿಕೊಂಡು ಹಿತ್ತಿಲ ಬಾಗಿಲಿಗೆ ಹೋಗಿ ನಿಂತರು. ಮಲ್ಲಿಕಾಂಬ ತಲೆಬಾಗಿಲಲ್ಲಿ ನಿಂತಳು. ನಡುವೆ ರೇಡಿಯೋ ಕರಕರ ಎನ್ನುತ್ತಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಹಿತ್ತಿಲಿಂದ ಅತ್ತೆಯ ಪ್ರಶ್ನೆ ಬಂತು, ಆ ಕಡೆ ಏನಾದ್ರೂ ಕಾಣ್ತದೇನೇ ಎಂದು.