ಮಾಸ್ಟರನ್ನು ಬಿಟ್ಟು ಪಾಲಿಸಿ ಇಲ್ಲ

ಹಳೆಯ ಸೋಫಾಗಳಿಗೆ ಹೊಸ ಹೊದಿಕೆ ಹಾಕಿಕೊಡುವ ಚಿಕ್ಕ ಅಂಗಡಿ ಅದು. ಮಾಲೀಕನನ್ನು ಬೀದಿಯವರೆಲ್ಲ ಮೆತ್ತೆಯಣ್ಣ ಎಂದೇ ಕರೆಯುತ್ತಾರೆ. ಹೆಸರು ಮೆತ್ತಗಿದ್ದರೂ ಮಾತು ಮಾತ್ರ ಗಟ್ಟಿ. ಹೊಲಿಗೆ ಮೆಷಿನ್ ಮುಂದೆ ಅವನ ಹೆಂಡತಿ. ಅಳತೆ ಹಾಕಿ ರೆಕ್ಸಿನ್ ಕತ್ತರಿಸುವುದು ವಯಸ್ಸಾದ ಕಟಿಂಗ್ ಮಾಸ್ಟರು. ಫೋಮ್ ಅಂಟಿಸಿ ಮೊಳೆ ಹೊಡೆಯಲು ಇನ್ನಿಬ್ಬರು.

ಅವತ್ತು ಬೆಳಿಗ್ಗೆ ಮೆತ್ತೆಯಣ್ಣನ ಮುಖ ಗಂಟಿಕ್ಕಿತ್ತು. ಪಕ್ಕದ ಕನ್ನಡಕದ ಅಂಗಡಿಯ ಅಕ್ಕ ಹರಿದ ಕುರ್ಚಿಯೊಂದನ್ನು ಎತ್ತಿಕೊಂಡು ಬಂದವಳು ಕೇಳಿದಳು: "ಏನಪ್ಪ, ಬೆಳಿಗ್ಗೆ ಬೆಳಿಗ್ಗೆನೇ ಯಾರ ಮೇಲೆ ಕೋಪ?"

"ಕಾನೂನಿನ ಮೇಲೆ ಕಣಕ್ಕ. ನಮ್ಮಂಥ ಚಿಕ್ಕವರೂ ಕೆಲಸದವರಿಗೆಲ್ಲ ಆರೋಗ್ಯ ವಿಮೆ ಮಾಡಿಸ್ಬೇಕಂತೆ. ಇದೇನು ಫ್ಯಾಕ್ಟರಿನಾ?"

"ಮಾಡಿಸು. ಒಳ್ಳೇದೇ ಅಲ್ವಾ?"

ಮೆತ್ತೆಯಣ್ಣ ದನಿ ತಗ್ಗಿಸಿದ. "ನಮ್ಮ ಮಾಸ್ಟರಿಗೆ ಹಾರ್ಟ್ ತೊಂದರೆ ಇದೆ. ಅವರನ್ನ ಸೇರಿಸಿದ್ರೆ ಎಲ್ಲರ ಕಂತೂ ಏರುತ್ತಂತೆ. ಅವರು ನಮ್ಮ ಕೆಲಸದವರೇ ಅಲ್ಲ ಅಂತ ತೋರಿಸಿಬಿಡೋಣ ಅಂತಿದ್ದೀನಿ."

ಹೊಲಿಗೆ ಮೆಷಿನ್ ನಿಂತುಹೋಯಿತು. "ರೀ, ಇಷ್ಟಗಲದ ಅಂಗಡೀಲಿ ಎಷ್ಟು ಮೆಲ್ಲಗೆ ಮಾತಾಡಿದ್ರೂ ಕೇಳಿಸುತ್ತೆ" ಎಂದಳು ಹೆಂಡತಿ.

ಮಾಸ್ಟರಿಗೂ ಕೇಳಿಸಿತ್ತು. ಕತ್ತರಿಯನ್ನು ಮೇಜಿನ ಮೇಲಿಟ್ಟು, "ಬೇಜಾರಿಲ್ಲಪ್ಪ. ನನ್ನಿಂದ ನಿನಗೆ ಭಾರ ಬೇಡ. ಕೈಲಿರೋ ಸೋಫಾ ಮುಗಿಸಿ ನಾನೇ ಬಿಡ್ತೀನಿ" ಎಂದರು.

ರೆಕ್ಸಿನ್ ಎಳೆದು ಹಿಡಿಯುವುದನ್ನು ಮೆತ್ತೆಯಣ್ಣನಿಗೆ ಕಲಿಸಿದವರೇ ಅವರು. ಅವನಿಗೆ ತಲೆ ಎತ್ತಲಾಗಲಿಲ್ಲ.

"ಕಂತು ಏರುತ್ತೆ ಅಂತ ಯಾರಂದ್ರು?" ಅಕ್ಕ ಕೇಳಿದಳು.

"ಟೀ ಅಂಗಡೀಲಿ ಎಲ್ಲಾ ಮಾತಾಡ್ಕೋತಿದ್ರು."

"ಟೀ ಅಂಗಡೀಲಿ ಟೀ ಕುಡಿ ಮಾರಾಯ, ಕಾನೂನು ಕೇಳಬೇಡ. ನನ್ನ ಅಂಗಡಿ ಹುಡುಗಿಗೂ ಸಕ್ಕರೆ ಕಾಯಿಲೆ ಇದೆ. ನಾನೂ ಹೀಗೇ ಹೆದರಿಕೊಂಡಿದ್ದೆ. ಆಮೇಲೆ ವರ್ತಕರ ಸಂಘಕ್ಕೆ ಹೋಗಿ ಕೇಳಿದೆ. ಕಾಯಿಲೆ ಇದೆ ಅಂತ ಒಬ್ಬರನ್ನ ಹೊರಗಿಡೋ ಹಾಗೇ ಇಲ್ಲ. ವಿಮೆ ಕಂಪನಿನೂ ಇಡೋ ಹಾಗಿಲ್ಲ, ನೀನೂ ಇಡೋ ಹಾಗಿಲ್ಲ. ಚಿಕ್ಕ ಅಂಗಡಿಯವರೆಲ್ಲ ಸೇರಿ ಗುಂಪು ಪಾಲಿಸಿ ತಗೋಬಹುದು. ಆಗ ಕಂತು ಇಡೀ ಗುಂಪಿನ ಲೆಕ್ಕದಲ್ಲಿ ಬರುತ್ತೆ, ಒಬ್ಬರ ಎದೆಬಡಿತದ ಲೆಕ್ಕದಲ್ಲಲ್ಲ."

"ಮಾಲೀಕರಿಗೆ ಸಿಗಲ್ವಾ ಅಕ್ಕ?" ಹೆಂಡತಿಯ ಪ್ರಶ್ನೆ.

"ಸಿಗುತ್ತಮ್ಮ. ಹುಷಾರು ತಪ್ಪೋದಕ್ಕೆ ಮಾಲೀಕ, ಕೆಲಸದವ ಅಂತ ಭೇದ ಇದೆಯಾ?"

"ಮಾಸ್ಟರ ಹಾರ್ಟ್ ವಿಷಯ ಹೇಳದೇ ಇದ್ರೆ?" ಮೆತ್ತೆಯಣ್ಣ ಮೆಲ್ಲಗೆ ಕೇಳಿದ.

"ಹಾಗೆ ಮಾತ್ರ ಮಾಡಬೇಡ. ಮುಚ್ಚಿಟ್ರೆ ಆಸ್ಪತ್ರೆ ಸೇರಿದಾಗ ಹಣ ಕೊಡದೇ ಇರೋದಕ್ಕೆ ಅದೇ ಕಾರಣ ಆಗುತ್ತೆ."

"ಪಾಲಿಸಿಗೆ ಸೇರಿದ ಕೂಡಲೇ ಹಳೇ ಕಾಯಿಲೆಗೂ ಹಣ ಕೊಡ್ತಾರಾ?" ಎಂದ.

"ಅದು ಒಂದೊಂದು ಪಾಲಿಸಿಲಿ ಒಂದೊಂದು ಥರ. ನಂಗೂ ಸರಿಯಾಗಿ ಗೊತ್ತಿಲ್ಲ. ನಡಿ, ಕೇಳ್ಕೊಂಡೇ ಬರೋಣ."

ಸಂಘದ ಕಾರ್ಯದರ್ಶಿ ಬಿಡಿಸಿ ಹೇಳಿದರು. ಮಾಸ್ಟರ ಎದೆಯ ಚಿಕಿತ್ಸೆಗೆ ಕೆಲವು ತಿಂಗಳು ಕಾಯಬೇಕು. ಹೊಸದಾಗಿ ಬರುವ ಕಾಯಿಲೆಗಳಿಗೆ ಅಷ್ಟು ಕಾಯಬೇಕಿಲ್ಲ. ಕಂತು ಮಾತ್ರ ತಪ್ಪಿಸಬಾರದು.

ಮೆತ್ತೆಯಣ್ಣ ಅಂಗಡಿಗೆ ಮರಳಿ ನೇರ ಮಾಸ್ಟರ ಮುಂದೆ ಬಂದು ನಿಂತ. "ತಪ್ಪು ಮಾತಾಡಿದೆ ಮಾಸ್ಟರೇ. ನಿಮ್ಮನ್ನ ಬಿಟ್ಟು ಪಾಲಿಸಿ ಇಲ್ಲ. ನಿಮ್ಮನ್ನ ಬಿಟ್ಟು ಅಂಗಡಿನೂ ಇಲ್ಲ."

ಮಾಸ್ಟರು ಮೇಜಿನ ಮೇಲಿನ ರೆಕ್ಸಿನ್ ಎಳೆದು ಹಿಡಿದರು. "ಸರಿ ಬಿಡಪ್ಪ. ಆ ತುದಿ ಹಿಡ್ಕೋ ಬಾ, ನನ್ನೊಬ್ಬನ ಕೈಲಿ ಆಗ್ತಿಲ್ಲ" ಎಂದರು.

ಎಲ್ಲರೂ ಗುಂಪು ಪಾಲಿಸಿಗೆ ಸೇರಿದರು. ಎರಡು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಮೆತ್ತೆಯಣ್ಣ ಹೊಟ್ಟೆ ಹಿಡಿದುಕೊಂಡು ಫೋಮ್ ರಾಶಿಯ ಮೇಲೇ ಕುಸಿದ. ಅಪೆಂಡಿಕ್ಸ್ ಒಡೆಯುವ ಹಂತದಲ್ಲಿತ್ತು. ಹೆಂಡತಿ ಆಸ್ಪತ್ರೆಯಲ್ಲಿ ವಿಮೆಯ ಕಾರ್ಡ್ ತೋರಿಸಿದಳು. ಯಾರ ಮುಂದೆಯೂ ಕೈ ಚಾಚದೆ ಆಪರೇಷನ್ ಮುಗಿಯಿತು. ಅವನು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅಂಗಡಿಯ ಬಾಗಿಲು ಮುಚ್ಚದಂತೆ ನೋಡಿಕೊಂಡವರು ಮಾಸ್ಟರು.

ಕಾಯುವ ಅವಧಿ ಮುಗಿದ ಮೇಲೆ ಮೆತ್ತೆಯಣ್ಣನೇ ಮಾಸ್ಟರನ್ನು ಕರೆದುಕೊಂಡು ಹೋದ. ಅವರು ಬಹಳ ಕಾಲದಿಂದ ಮುಂದೂಡುತ್ತ ಬಂದಿದ್ದ ಎದೆಯ ಚಿಕಿತ್ಸೆಯೂ ಆಯಿತು. ಈಗ ಮೆಟ್ಟಿಲು ಹತ್ತಿದರೆ ಅವರಿಗೆ ಏದುಸಿರು ಬರುವುದಿಲ್ಲ.

ಅಂಗಡಿ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಲ್ಲಿ ಕೆಲಸಕ್ಕಿರುವವರು ಒಬ್ಬರೇ ಇರಲಿ, ಹತ್ತು ಜನರಿರಲಿ, ನಿಮ್ಮ ಕಡೆಯ ಕಾನೂನು ಏನು ಹೇಳುತ್ತದೆ ಎಂದು ತಿಳಿದವರ ಹತ್ತಿರ ಕೇಳಿ. ಗುಂಪು ಪಾಲಿಸಿ ಇದೆಯೇ, ಯಾವ ಕಾಯಿಲೆಗೆ ಎಷ್ಟು ಕಾಯಬೇಕು, ಎಲ್ಲವನ್ನೂ ವಿಚಾರಿಸಿ. ಇರುವ ಕಾಯಿಲೆಯನ್ನು ಮುಚ್ಚಿಡಬೇಡಿ. ಹುಷಾರಿಲ್ಲದವರನ್ನು ಹೊರಗೆ ನಿಲ್ಲಿಸಬೇಡಿ. ನಿಮ್ಮನ್ನೂ ಮರೆಯಬೇಡಿ. ಇವತ್ತೇ ಒಂದು ಗಳಿಗೆ ಬಿಡುವು ಮಾಡಿಕೊಂಡು ಕೇಳಿ ಬನ್ನಿ. ನಿಮ್ಮ ಜೊತೆ ದುಡಿಯುವವರು ನಿಮ್ಮನ್ನೇ ನಂಬಿಕೊಂಡಿದ್ದಾರೆ.