ಹಿತ್ತಲಿನ ಮರಳು

ಮಗಳ ಅಂಗಾಲಿನಲ್ಲಿ ಕೆಂಪು ಗೆರೆಯೊಂದು ಎದ್ದಾಗ ಅಕ್ಕ ಮೊದಲು ಮಾಡಿದ ಕೆಲಸವೆಂದರೆ ಅವಳ ಉಗುರು ಕತ್ತರಿಸಿದ್ದು. "ಕೆರ್ಕೊಂಡು ಕೆರ್ಕೊಂಡು ಗೀರು ಮಾಡ್ಕೊಂಡಿದಾಳೆ," ಎಂದಳು. ಬೆಳಗಾಗುವಷ್ಟರಲ್ಲಿ ಗೆರೆ ಅಂಕುಡೊಂಕಾಗಿ ಹೆಬ್ಬೆರಳಿನ ಕಡೆಗೆ ಹರಿದಿತ್ತು. ಮಗು ಪಾದವನ್ನು ಹೊಸ್ತಿಲಿಗೆ ಉಜ್ಜುತ್ತಾ ಅಳುತ್ತಿತ್ತು. ನಾನು ನೋಡುತ್ತಾ ನಿಂತಿದ್ದೆ. ಹೆಂಡತಿ ಹೋದ ಮೇಲೆ ನನಗೆ ಸರಿಯಾಗಿ ಬರುತ್ತಿದ್ದುದು ಅದೊಂದೇ.

"ಹುಳ," ಎಂದರು ಡಾಕ್ಟರು. "ಬೆಕ್ಕು, ನಾಯಿ ಹೊಟ್ಟೇಲಿರೋದು. ಅವು ಗಲೀಜು ಮಾಡಿದ ಕಡೆ ಬರಿಗಾಲಲ್ಲಿ ಆಡಿದ್ರೆ ಚರ್ಮದೊಳಗೆ ಸೇರ್ಕೊಳ್ಳುತ್ತೆ. ನಮ್ಮ ಮೈಯಲ್ಲಿ ಅದಕ್ಕೆ ಮುಂದೆ ದಾರಿ ಸಿಗಲ್ಲ, ಅಲ್ಲೇ ಸುತ್ತುತ್ತೆ. ಮಾತ್ರೆ ಕೊಡ್ತೀನಿ, ಹೋಗುತ್ತೆ. ಮನೇಲಿ ಮರಳು ಗಿರಳು ಇದೆಯಾ?"

ಇತ್ತು. ಹೆಂಡತಿ ಹಿತ್ತಲಲ್ಲಿ ತನ್ನ ಹೊಲಿಗೆಗೊಂದು ಕೋಣೆ ಕಟ್ಟಿಸಲು ತರಿಸಿದ್ದ ಮರಳು. ಮೇಸ್ತ್ರಿ ಪಾಯಕ್ಕೆ ಸುಣ್ಣದ ಗೆರೆ ಎಳೆದಾಗ ಅವಳು ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲೆಲ್ಲಿ, ಕಿಟಕಿಯೆಲ್ಲಿ ಎಂದು ತೋರಿಸಿದ್ದಳು. ಲಾರಿಯವನು ಸೀದಾ ಬಂದು ಆ ಗೆರೆಯ ಮೇಲೆಯೇ ಮರಳು ಸುರಿದ. ಅವನನ್ನು ಚೆನ್ನಾಗಿ ಜಾಡಿಸಿದ್ದಳು. ಆಮೇಲೆ ಅವಳೇ ಇಲ್ಲ. ಮರಳು ಉಳಿಯಿತು, ಬೀದಿಯ ಬೆಕ್ಕುಗಳಿಗೆಲ್ಲ ಅನುಕೂಲವಾಗಿ.

"ಕೋಣೆ ಕಟ್ಟಿಸ್ತೀಯೋ, ಮರಳು ತೆಗೆಸ್ತೀಯೋ? ಬಾಯಿಬಿಟ್ಟು ಹೇಳು," ಎಂದಳು ಅಕ್ಕ. "ಗರ ಬಡಿದೋನ ಹಾಗೆ ಕೂತಿರ್ಬೇಡ."

"ತೆಗೆಸು."

ಹೇಳುವಾಗ ಎದೆಯಲ್ಲಿ ಏನಾದರೂ ಆಗಬೇಕಿತ್ತು. ಆಗಲಿಲ್ಲ.

ಮೇಸ್ತ್ರಿಗೆ ಬಿಡುವಾಗುವವರೆಗೆ ಅಕ್ಕ ರಾಶಿಗೆ ಟಾರ್ಪಾಲು ಹೊದಿಸಿ ಕಾವಲು ಕೂತಳು. ಅಷ್ಟರಲ್ಲಿ ಮಗಳ ಕಾಲೂ ವಾಸಿಯಾಯಿತು. ಕೊನೆಗೆ ಅವನು ಗಾಡಿ ತಂದು ಸಂಜೆಯೊಳಗೆ ಎಲ್ಲ ಬಾಚಿಕೊಂಡು ಹೋದ. ಕೆಳಗೆ ಸುಣ್ಣದ ಗೆರೆ ಅಲ್ಲಲ್ಲಿ ಅಳಿಸಿದ್ದರೂ ಇನ್ನೂ ಇತ್ತು.

ಮಗಳು ಹೊಸ ಚಪ್ಪಲಿ ಹಾಕಿಕೊಂಡು ಆ ಗೆರೆಗಳ ನಡುವೆ ನಿಂತಿದ್ದಳು. ಊಟಕ್ಕೆ ಕರೆಯಲು ನಾನು ನೇರವಾಗಿ ಅವಳತ್ತ ನಡೆದೆ.

"ಅಪ್ಪಾ, ಗೋಡೆ ತುಳಿದ್ಬಿಟ್ಟೆ!" ಎಂದು ಗದರಿದಳು. "ಅಮ್ಮ ಬಾಗಿಲು ಆ ಕಡೆ ಇಟ್ಟಿದಾಳೆ. ಅಲ್ಲಿಂದ ಬಾ."

ನಾನು ಹಿಂದೆ ಸರಿದು ಸುತ್ತಿಕೊಂಡು ಹೋದೆ. ಬಾಗಿಲ ಜಾಗದಲ್ಲಿ ಅಭ್ಯಾಸಬಲದಿಂದ ಚಪ್ಪಲಿ ಬಿಡಲು ಬಗ್ಗಿದೆ.

"ಬಿಚ್ಬೇಡ," ಎಂದಳು. "ಹುಳ ಇರುತ್ತೆ."

ಚಪ್ಪಲಿ ಕಾಲಲ್ಲೇ ಹೆಂಡತಿಯ ಕೋಣೆಯೊಳಗೆ ಕಾಲಿಟ್ಟೆ. ಅವಳು ಸತ್ತ ಮೇಲೆ ಮೊದಲ ಸಲ ನನಗೆ ಅಳು ಬಂತು.