ನೋಡಲು ಹೋಗದ ತಪ್ಪಿಗೆ

ನ್ಯಾಮತಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಬೆನಕಪ್ಪನ ಹೆಂಡತಿ ನಿರ್ಮಲಮ್ಮನಿಗೆ ಕೀಲುವಾತ. ದಾವಣಗೆರೆಯ ಡಾಕ್ಟರು ಬರೆದುಕೊಟ್ಟ ಸ್ಟೀರಾಯ್ಡ್ ಗುಳಿಗೆ ನುಂಗುತ್ತಾ ವರ್ಷಗಳೇ ಆಗಿದ್ದವು. ಬೆರಳು ಮಡಚಲು ಬರುವಂತಾಯಿತು. ಜೊತೆಗೆ ಮುಖವೂ ಊದಿ ದುಂಡಗಾಯಿತು. ಊರಿನವರು ಅದನ್ನು ಸುಖ ಹೆಚ್ಚಾಗಿದ್ದು ಅಂದುಕೊಂಡರು.

೧೯೮೩ರ ಬೇಸಿಗೆಯಲ್ಲಿ ಡಾಕ್ಟರು ಎಚ್ಚರಿಸಿದರು: "ಈ ಗುಳಿಗೆ ರೋಗ ತಡೆಯೋ ಶಕ್ತೀನ ಕುಗ್ಗಿಸುತ್ತೆ. ನಿಮಗೆ ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದಿಲ್ಲ ಅಂತೀರಿ. ಅದು ಬಂದಿರೋ ಮನೆಗೆ ಹೋಗಬೇಡಿ. ಹಾಗಂತ ಗುಳಿಗೇನ ನೀವಾಗೇ ನಿಲ್ಲಿಸಲೂಬೇಡಿ."

ಆ ವಾರವೇ ಹಿಂದಿನ ಬೀದಿಯಲ್ಲಿದ್ದ ಬೆನಕಪ್ಪನ ಅಕ್ಕ ಶಂಕ್ರಮ್ಮನ ಮಗಳಿಗೆ ಅದೇ ಸಿಡುಬು, ಊರವರ ಬಾಯಲ್ಲಿ 'ಅಮ್ಮ', ಬಂತು. ಬೀದಿಯವರೆಲ್ಲ ಎಳನೀರು ಹಿಡಿದು ಹೋಗಿ ನೋಡಿಕೊಂಡು ಬಂದರು. ನಿರ್ಮಲಮ್ಮ ಹೋಗಲಿಲ್ಲ. ಕಾದು ಕಾದು ಶಂಕ್ರಮ್ಮನೇ ಬಂದಳು, ಮೈತುಂಬ ಗುಳ್ಳೆಯೆದ್ದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು.

"ನಿನ್ನ ಡಾಕ್ಟರ್ ದೊಡ್ಡೋನೋ, ಅಮ್ಮ ದೊಡ್ಡೋಳೋ? ಮಖ ನೋಡಿದ್ರೆ ಕುಂಬಳಕಾಯಿ ಆಗೈತೆ. ಕಾಯಿಲೆಯಂತೆ ಕಾಯಿಲೆ!"

"ಅಕ್ಕಾ, ನಿಮ್ಮ ದಮ್ಮಯ್ಯ, ಮಗೂನ ಕರ್ಕಂಡು ಮನೆಗೆ ಹೋಗ್ರಿ."

ಈ ಒಂದು ಮಾತಿಗೆ ಬುದ್ಧಿ ಹೇಳಲು ಮತ್ತಷ್ಟು ಹೆಂಗಸರು ಬಂದರು. ಎಲ್ಲರೂ ಶಂಕ್ರಮ್ಮನ ಮನೆಯಲ್ಲಿ ಮಗುವಿನ ಮೈ ಸವರಿ ನೇರ ಇಲ್ಲಿಗೇ ಬಂದವರು.

ಎರಡು ವಾರದಲ್ಲಿ ನಿರ್ಮಲಮ್ಮನ ಎದೆ, ಬೆನ್ನು ತುಂಬ ಗುಳ್ಳೆ. ಸುಡುವ ಜ್ವರ, ಕೆಮ್ಮು.

"ನೋಡಾಕೆ ಹೋಗ್ಲಿಲ್ಲ, ಅದಕ್ಕೇ ಅಮ್ಮ ಮುನಿಸ್ಕಂಡಾಳೆ" ಎಂದು ತೀರ್ಪಾಯಿತು. ಅತ್ತೆ ಕಲ್ಲಮ್ಮ ಬಾಗಿಲಿಗೆ ಬೇವು ಕಟ್ಟಿದಳು. "ಅಮ್ಮ ಇರೋ ಮನೇಲಿ ಔಷಧಿ ಮುಟ್ಟಂಗಿಲ್ಲ" ಎಂದು ಗುಳಿಗೆ ಡಬ್ಬಿಯನ್ನೂ ಎತ್ತಿಟ್ಟಳು. ಬೆನಕಪ್ಪ ಅವ್ವನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಅಂಗಡಿಗೆ ಹೋದ.

ಗುಳಿಗೆಯಿಲ್ಲದೆ ನಿರ್ಮಲಮ್ಮ ಎದ್ದು ನಿಲ್ಲಲಾರದಾದಳು. ಉಸಿರು ಸಾಲುತ್ತಿರಲಿಲ್ಲ. ಗಂಡನನ್ನು ಕರೆಸಿ, "ಅಮ್ಮಂಗೆ ನಾನು ಇಲ್ಲಿಂದ್ಲೇ ಕೈ ಮುಗಿತೀನಿ. ನೀವು ಕಾರು ತರ್ರಿ" ಎಂದಳು. ಆ ದನಿಗೆ ಹೆದರಿ ಬೆನಕಪ್ಪ ಓಡಿದ.

"ಗುಳಿಗೆ ನಿಲ್ಲಿಸಿದವರು ಯಾರು?" ಎಂದು ದಾವಣಗೆರೆಯಲ್ಲಿ ಡಾಕ್ಟರು ಕೇಳಿದಾಗ ಕಲ್ಲಮ್ಮ ಸೆರಗು ಸರಿಮಾಡಿಕೊಂಡಳು, ಬೆನಕಪ್ಪ ತಲೆ ಮೇಲಿನ ಫ್ಯಾನು ನೋಡಿದ. ಆಕ್ಸಿಜನ್ ಇಟ್ಟು, ಗುಳಿಗೆ ಮತ್ತೆ ಶುರುಮಾಡಿ, ಅಂತೂ ಉಳಿಸಿಕೊಂಡರು.

ಆಕೆ ಮನೆಗೆ ಮರಳುವಷ್ಟರಲ್ಲಿ, ತಾನು ಹೊತ್ತ ಹರಕೆಯಿಂದಲೇ ನಿರ್ಮಲಮ್ಮ ಬದುಕಿದ್ದು ಎಂದು ಶಂಕ್ರಮ್ಮ ಊರಿಗೆಲ್ಲ ಹೇಳಿಯಾಗಿತ್ತು. ನಿರ್ಮಲಮ್ಮ ಜಗಲಿಯ ಮೇಲೆ ಚಾಪೆ ಹಾಸಿಸಿ, ಬಂದವರನ್ನೆಲ್ಲ ಹೊಸಿಲೊಳಗೆ ನಿಂತೇ ಕೇಳತೊಡಗಿದಳು: "ನಿಮ್ಮನೇಲಿ ಯಾರಿಗಾದ್ರೂ ಜ್ವರ, ಗುಳ್ಳೆ ಐತೇನ್ರೀ?"

"ಸೊಕ್ಕು ಬಂದೈತೆ" ಎಂದರು ಜನ. ಬರುವವರು ಕಡಿಮೆಯಾದರು. ಎಷ್ಟೋ ವರ್ಷಗಳಲ್ಲಿ ಮೊದಲ ಬಾರಿಗೆ ನಿರ್ಮಲಮ್ಮನಿಗೆ ಮಧ್ಯಾಹ್ನ ನೆಮ್ಮದಿಯ ನಿದ್ದೆ ಹತ್ತತೊಡಗಿತು.